ನಾಲ್ಕು ವರ್ಷದ ಮಗು ಕೈಲಿ ದಿನಾ ಪುಟಗಟ್ಟಲೆ ಬರೆಸ್ತಾರೆ, ಕೈಯಾರೆ ಮಾಡಿ ಕಲಿಯೋದಕ್ಕೆ ಬೆಲೆ ಇಲ್ವಾ?

ಹಾಸನದಮ್ಮ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ನಾವು ಹಾಸನ ಟೌನಲ್ಲೇ ಇರೋದು, ಮಗಳಿಗೆ ನಾಲ್ಕು ತುಂಬಿದೆ, ಈ ವರ್ಷ ಎಲ್‌ಕೆಜಿಗೆ ಹಾಕಿದೀವಿ, ಸ್ಕೂಲ್ ಹೆಸರು ಇಲ್ಲಿ ಬೇಡ. ದಿನಾ ಹೋಮ್‌ವರ್ಕ್ ಇರುತ್ತೆ, ಎ ಬಿ ಸಿ ಡಿ ಒಂದು ಪುಟ, ನಂಬರ್ಸ್ ಒಂದು ಪುಟ, ದಸರಾ ರಜ ಮುಗಿದ ಮೇಲೆ ಅ ಆ ಇ ಈ ಕೂಡ ಸೇರಿಸಿದಾರೆ. ಪೆನ್ಸಿಲ್‌ನ ಮುಷ್ಟಿಲಿ ಹಿಡ್ಕೊಂಡು ಒತ್ತಿ ಒತ್ತಿ ಬರೀತಾಳೆ, ಹಾಳೆ ಹರಿಯುತ್ತೆ, ಸ್ವಲ್ಪ ಹೊತ್ತಿಗೇ ಕೈ ನೋವು ಅಂತ ಅಳು. ಅದೇ ಹುಡುಗಿ ನಮ್ಮತ್ತೆ ಪಕ್ಕ ಅವರೆಕಾಯಿ ಸುಲಿಯೋಕೆ ಕೂತ್ಲು ಅಂದ್ರೆ ಕರೆದ್ರೂ ಏಳಲ್ಲ, ರೊಟ್ಟಿ ತಟ್ಟೋವಾಗ ನಂಗೂ ಒಂದುಂಡೆ ಹಿಟ್ಟು ಕೊಡಿ ಅಂತ ಹಠ ಮಾಡ್ತಾಳೆ, ಕೊಟ್ರೆ ತನ್ನಷ್ಟಕ್ಕೆ ತಾನು ತಟ್ಕೊಂಡು ಕೂತಿರ್ತಾಳೆ.

ನಮ್ಮ ನಾದಿನಿ ಬೆಂಗಳೂರಲ್ಲಿ ಮಗನ್ನ ಮಾಂಟೆಸ್ಸರಿಗೆ ಹಾಕಿದಾರೆ, ಅಲ್ಲಿ ಈ ವಯಸ್ಸಲ್ಲಿ ನೋಟ್‌ಬುಕ್ಕೇ ಇಲ್ವಂತೆ, ಎಲ್ಲಾ ಮುಟ್ಟಿ ಎತ್ತಿ ಸುರಿದು ಜೋಡಿಸಿ ಕಲಿಯೋದಂತೆ. ಮನೇಲಿ ಇದನ್ನ ಹೇಳಿದ್ರೆ ನಮ್ಮ ಮಾವ "ಅಷ್ಟು ಫೀಸ್ ಕಟ್ಟಿ ನೀರು ಸುರಿಯೋದು ಕಲಿಸ್ತಾರಾ" ಅಂತಾರೆ, ಯಜಮಾನ್ರು ಒಂದನೇ ಕ್ಲಾಸಿಗೆ ಹೋದಾಗ ಹಿಂದೆ ಬಿದ್ರೆ ಏನ್ಮಾಡ್ತೀಯ ಅಂತಾರೆ. ನಂಗೆ ತಿಳಿದವರು ಹೇಳಿ, ಕೈಕೆಲಸದಿಂದ ಓದು ಲೆಕ್ಕ ನಿಜವಾಗ್ಲೂ ಬರುತ್ತಾ, ಇಲ್ಲಾ ಬರೀ ಮಗು ಸುಮ್ನೆ ಕೂರಲಿ ಅಂತ ಮಾಡೋದಾ? ದುಬಾರಿ ಸಾಮಾನೆಲ್ಲ ತಗೊಳ್ಳೋ ಶಕ್ತಿ ನಮಗಿಲ್ಲ, ಮನೇಲಿರೋದ್ರಲ್ಲೇ ಏನು ಮಾಡ್ಬೋದು?

ನಲಿಕಲಿ ಮೇಷ್ಟ್ರು, ಬೇಲೂರು

ಮೇಡಂ, ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಲಿ ಒಂದರಿಂದ ಮೂರನೇ ತರಗತಿಗೆ ನಲಿ ಕಲಿ, ಅಂದ್ರೆ ಚಟುವಟಿಕೆ ಮಾಡಿಸಿ ಕಲಿಸೋ ಪದ್ಧತಿ, ತಗೋತೀನಿ. ನಿಮ್ಮ ಮಗಳಿಗೆ ಬರೆಯೋಕೆ ಸೋಮಾರಿತನ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಕೋಬೇಡಿ, ಅವಳ ಕೈ ಇನ್ನೂ ಆ ಕೆಲಸಕ್ಕೆ ಹದವಾಗಿಲ್ಲ. ಮಣಿಕಟ್ಟಲ್ಲಿ 8 ಸಣ್ಣ ಮೂಳೆ ಇವೆ, ಹುಟ್ಟಿದಾಗ ಅವು ಮೂಳೆನೇ ಅಲ್ಲ, ಮೆತ್ತಗಿರೋ ಮೃದ್ವಸ್ಥಿ, ಒಂದೊಂದಾಗಿ ಗಟ್ಟಿಯಾಗ್ತಾ ಹೋಗಿ ಕೊನೇದು ಗಟ್ಟಿಯಾಗೋಕೆ ಶುರುವಾಗೋ ಹೊತ್ತಿಗೆ ಮಗು ಒಂಬತ್ತು ಹತ್ತು ವರ್ಷದ ಆಸುಪಾಸಲ್ಲಿರುತ್ತೆ. ಮುಷ್ಟಿಲಿ ಹಿಡಿಯೋದರಿಂದ ಶುರುವಾಗಿ ಹೆಬ್ಬೆಟ್ಟು, ತೋರುಬೆರಳು, ಮಧ್ಯದ ಬೆರಳು ಈ ಮೂರೇ ಸೇರಿ ಪೆನ್ಸಿಲ್‌ನ ಸಲೀಸಾಗಿ ಓಡಿಸೋದು ಸುಮಾರು ನಾಲ್ಕೂವರೆಯಿಂದ ಆರು ವರ್ಷದೊಳಗೆ ಕೂಡಿ ಬರೋದು, ಒಂದೊಂದು ಮಗೂಗೆ ಒಂದೊಂದು ಥರ.

ಈಗ ನಿಮ್ಮತ್ತೆ ಏನು ಮಾಡಿಸ್ತಿದಾರೆ ನೋಡಿ. ಅವರೆಕಾಯಿ ಸುಲಿಯೋವಾಗ, ಆಮೇಲೆ ನೆನೆಸಿದ ಕಾಳು ಹಿದುಕೋವಾಗ ಕೆಲಸ ಮಾಡೋದು ಅದೇ ಮೂರು ಬೆರಳು, ಅದೂ ಜೋರಾಗಿ ಒತ್ತಿದ್ರೆ ಬೇಳೆ ಹಿಸುಕಿ ಹೋಗುತ್ತೆ, ಮೆತ್ತಗೆ ಒತ್ತಿದ್ರೆ ಸಿಪ್ಪೆ ಬಿಡಲ್ಲ, ಎಷ್ಟು ಒತ್ತಬೇಕು ಅನ್ನೋದನ್ನ ಬೆರಳೇ ಕಂಡ್ಕೊಳ್ಳುತ್ತೆ. ಹಾಳೆ ಹರಿಯೋ ಹಾಗೆ ಒತ್ತಿ ಬರೆಯೋ ಮಗೂಗೆ ಬೇಕಾಗಿರೋದು ಸರಿಯಾಗಿ ಇದೇ. ರೊಟ್ಟಿ ತಟ್ಟೋದ್ರಲ್ಲಿ ಅಂಗೈ, ಮಣಿಕಟ್ಟು, ಭುಜ ಎಲ್ಲಾ ಗಟ್ಟಿಯಾಗುತ್ತೆ. ನಿಮ್ಮ ಅತ್ತೆ ಮಾಡಿಸ್ತಿರೋದು ಬರವಣಿಗೆ ಪಾಠದ ಮೊದಲ ಭಾಗ, ಅದನ್ನ ನಿಲ್ಲಿಸಿ ಬರೆಯೋಕೆ ಕೂರಿಸಬೇಡಿ.

ಲೆಕ್ಕದ ವಿಷಯಕ್ಕೆ ಬಂದ್ರೆ, ನಮ್ಮಲ್ಲಿ ಒಂದನೇ ಕ್ಲಾಸಿಗೆ ಸೇರೋ ಎಷ್ಟೋ ಮಕ್ಕಳು ನೂರರವರೆಗೆ ಗಡಗಡ ಹೇಳ್ತಾರೆ, ಏಳು ಹುಣಸೆಬೀಜ ಕೊಡು ಅಂದ್ರೆ ಕೈ ತುಂಬಾ ತೆಗೆದು ಕೊಡ್ತಾರೆ. ಬಾಯಲ್ಲಿ ಇರೋ ಏಳು ಕೈಗೆ ಇಳಿದಿಲ್ಲ. ಜೀನ್ ಪಿಯಾಜೆ ಅಂತ ಸ್ವಿಸ್ ವಿಜ್ಞಾನಿ ಮಕ್ಕಳ ಜೊತೆ ಮಾಡಿದ ಒಂದು ಪರೀಕ್ಷೆ ಇದೆ, ನೀವೂ ಇವತ್ತೇ ಮಾಡಿ ನೋಡಬಹುದು. ಎರಡು ಸಾಲಲ್ಲಿ ಸಮ ಸಮ ಬೀಜ ಇಡಿ, ಎರಡೂ ಒಂದೇನಾ ಕೇಳಿ, ಹೂಂ ಅಂತಾಳೆ. ಆಮೇಲೆ ಅವಳ ಕಣ್ಣೆದುರಿಗೇ ಒಂದು ಸಾಲನ್ನ ಅಗಲ ಮಾಡಿ ಮತ್ತೆ ಕೇಳಿ, ಉದ್ದದ ಸಾಲಲ್ಲೇ ಜಾಸ್ತಿ ಅಂತ ಹೇಳೋ ಸಾಧ್ಯತೆ ಹೆಚ್ಚು. ಇದು ದಡ್ಡತನ ಅಲ್ಲ, ಆ ವಯಸ್ಸಿನ ಯೋಚನೆನೇ ಹಾಗೆ, ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಅದು ದಾಟುತ್ತೆ. ದಾಟೋಕೆ ಅವಳು ಎಷ್ಟೋ ಸಲ ಎಣಿಸಿ, ಹಂಚಿ, ಮತ್ತೆ ಕೂಡಿಸಿ ನೋಡಿರಬೇಕು, 1 2 3 ಅಂತ ಪುಟ ತುಂಬಿಸಿದ್ರೆ ಅದು ಬರಲ್ಲ.

ಇದು ಹೊರಗಿಂದ ಬಂದ ಫ್ಯಾಷನ್ ಅಂತ ನಿಮ್ಮ ಮಾವ ಅನ್ಕೊಂಡಿದ್ರೆ ಹೇಳಿ, ನಲಿ ಕಲಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಲಿ, 1995ರಲ್ಲಿ, ಆಂಧ್ರದ ರಿಷಿ ವ್ಯಾಲಿಲಿ ನಡೀತಿದ್ದ ಕೆಲಸ ನೋಡಿ ಬಂದ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕಟ್ಟಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಲಿಕೆಯ ಹಂತ ತೋರಿಸೋ ಏಣಿ, ಚಟುವಟಿಕೆ ಕಾರ್ಡು, ಮಕ್ಕಳು ಕೂತು ಕೆಲಸ ಮಾಡೋ 'ತಟ್ಟೆ' ಅನ್ನೋ ಗುಂಪು, ಮಕ್ಕಳು ಮಾಡಿದ್ದನ್ನ ತೂಗುಹಾಕೋಕೆ ತಲೆ ಮೇಲೆ ಚಪ್ಪರ, ದಿನಾ ಬೆಳಿಗ್ಗೆ ಹೊರಗೆ ಹೋಗಿ ಆಕಾಶ ನೋಡಿ ಮಕ್ಕಳೇ ತುಂಬಿಸೋ ಹವಾಮಾನ ನಕ್ಷೆ, ಎಲ್ಲಾ ಇದೆ. ಅಕ್ಷರನೂ ನಾವು ಅ ಆ ಇ ಈ ಇಂದ ಶುರು ಮಾಡಲ್ಲ, ರ ಗ ಸ ದ ಅ ಇಂದ ಶುರು. ತಿದ್ದೋಕೆ ಸುಲಭ, ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ದರ ಅಂತ ಪದ ಓದೋಕೆ ಬಂದುಬಿಡುತ್ತೆ. ನಾಲ್ಕು ವರ್ಷದ ಮಗೂಗೆ 'ಈ' ಬರೆಸೋದು ಎಂಥ ಕಷ್ಟ ನೀವೇ ಬರೆದು ನೋಡಿ.

ಚಿಕ್ಕಮಗಳೂರು ಅಪ್ಪ

ಮೇಷ್ಟ್ರೇ ನೀವು ಹೇಳಿದ್ದು ಓದೋಕೆ ಚೆನ್ನಾಗಿದೆ, ನನಗೆ ಗೌರವನೂ ಇದೆ, ಆದ್ರೆ ಒಂದು ಮಾತು ನೇರವಾಗಿ ಕೇಳ್ತೀನಿ. ನಮ್ಮ ಕಡೆ ಪ್ರೈವೇಟ್ ಸ್ಕೂಲಲ್ಲಿ ಒಂದನೇ ಕ್ಲಾಸ್ ಸೇರಿಸೋವಾಗ ಮಗೂನ ಕೂರಿಸಿ ಬರೆಸಿ ನೋಡ್ತಾರೆ, ಸೇರಿದ ಮೊದಲನೇ ತಿಂಗಳಿಂದನೇ ಡಿಕ್ಟೇಶನ್, ಬೋರ್ಡಲ್ಲಿ ಇರೋದನ್ನ ನೋಡಿ ಬರ್ಕೊಳ್ಳೋದು. ಅಲ್ಲಿವರೆಗೂ ಬರೀ ಬೀಜ ಎಣಿಸ್ಕೊಂಡು ಮಣ್ಣಲ್ಲಿ ಆಡ್ಕೊಂಡಿದ್ದ ಮಗು ಅಲ್ಲಿ ಹೋಗಿ ಕಣ್ಣು ಕಣ್ಣು ಬಿಡುತ್ತೆ, ಮಿಕ್ಕ ಮಕ್ಕಳು ಬರೀತಿರ್ತಾರೆ, ಆ ಕೀಳರಿಮೆಗೆ ಯಾರು ಜವಾಬ್ದಾರಿ. ಇನ್ನೊಂದು, ಈಗ ಎಲ್ಲಾ ಕಡೆ ಆಕ್ಟಿವಿಟಿ ಬೇಸ್ಡ್ ಅಂತ ಬೋರ್ಡ್ ಹಾಕ್ತಾರೆ, ಒಳಗೆ ಹೋಗಿ ನೋಡಿದ್ರೆ ಮಿಸ್ಸೇ ಕಟ್ ಮಾಡಿ ಮಿಸ್ಸೇ ಅಂಟಿಸಿ, ಮಗು ಕೈಗೆ ಕೊಟ್ಟು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋದು. ಅದಕ್ಕೆ ಎಕ್ಸ್‌ಟ್ರಾ ಫೀಸ್ ಬೇರೆ. ಅದರ ಬದಲು ನೆಟ್ಟಗೆ ಬರೆಸೋ ಸ್ಕೂಲೇ ವಾಸಿ ಅನ್ಸುತ್ತೆ.

ಮಾಂಟೆಸ್ಸರಿ ಆಂಟಿ, ಹಾಸನ

ಸರ್, ಫೋಟೋ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ, ನಾನು ಟ್ರೈನಿಂಗ್ ಮಾಡ್ಕೊಂಡು ಚಿಕ್ಕ ಮಕ್ಕಳ ಜೊತೆನೇ ಕೆಲಸ ಮಾಡೋಳು, ನಂಗೂ ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸಾಮಾನು ಇದ್ದ ಮಾತ್ರಕ್ಕೆ ಕಲಿಕೆ ಆಗಲ್ಲ. ನಾನು ನೋಡೋದು ಎರಡೇ, ಕೆಲಸ ಪೂರ್ತಿ ಮಗುವಿನ ಕೈಲೇ ನಡೀತಾ, ತಪ್ಪಾದ್ರೆ ಮಗೂಗೆ ತಾನೇ ಗೊತ್ತಾಗುತ್ತಾ. ಮಾಂಟೆಸ್ಸರಿಲಿ ಪಿಂಕ್ ಟವರ್ ಅಂತ ಇದೆ, 1 ಸೆಂಟಿಮೀಟರಿಂದ 10 ಸೆಂಟಿಮೀಟರ್‌ವರೆಗೆ 10 ಘನ, ದೊಡ್ಡದರ ಮೇಲೆ ಚಿಕ್ಕದು ಇಡ್ತಾ ಹೋಗೋದು. ಒಂದು ಬಿಟ್ಟು ಹೋದ್ರೆ ಗೋಪುರ ನೋಡೋಕೇ ಎದ್ದು ಕಾಣುತ್ತೆ, ಯಾರೂ 'ತಪ್ಪು' ಅನ್ನಬೇಕಿಲ್ಲ, ಮಗು ತಾನೇ ಬೀಳಿಸಿ ಮತ್ತೆ ಕಟ್ಟುತ್ತೆ. ಹತ್ತು ಅನ್ನೋದು ಅಲ್ಲಿ ಕೈಗೆ ಭಾರವಾಗಿ ಸಿಗುತ್ತೆ.

ಬರವಣಿಗೆನೇ ಇಲ್ಲ ಅನ್ನೋದೂ ಸರಿಯಲ್ಲ. ಮಾಂಟೆಸ್ಸರಿಲಿ ಸ್ಯಾಂಡ್‌ಪೇಪರ್ ಅಕ್ಷರ ಇವೆ, ಒರಟು ಹಾಳೆಲಿ ಕತ್ತರಿಸಿ ನುಣ್ಣಗಿರೋ ಹಲಗೆ ಮೇಲೆ ಅಂಟಿಸಿರ್ತಾರೆ, ಮಗು ತೋರುಬೆರಳು ಮಧ್ಯದ ಬೆರಳು ಸೇರಿಸಿ ಬರೆಯೋ ದಿಕ್ಕಲ್ಲೇ ಸವರುತ್ತೆ, ಸವರ್ತಾ ಬಾಯಲ್ಲಿ ಆ ಶಬ್ದ ಹೇಳುತ್ತೆ. ಕಣ್ಣು ಕಿವಿ ಬೆರಳು ಮೂರಕ್ಕೂ ಅಕ್ಷರ ಒಟ್ಟಿಗೆ ಸೇರುತ್ತೆ. ಪೆನ್ಸಿಲ್ ಬರೋ ಮುಂಚೆನೇ ಅಕ್ಷರ ಕೈಗೆ ಗೊತ್ತಿರುತ್ತೆ, ಹಾಗಾಗಿ ಪೆನ್ಸಿಲ್ ಬಂದ ಮೇಲೆ ಒಂದೊಂದು ಪುಟ ತಿದ್ದಿಸೋ ಅಗತ್ಯನೇ ಬೀಳಲ್ಲ. 1907ರಲ್ಲಿ ರೋಮ್‌ನ ಬಡ ಕೂಲಿಕಾರರ ಕೇರಿಲಿ ಮಾರಿಯಾ ಮಾಂಟೆಸ್ಸರಿ ಮೊದಲ ಮಕ್ಕಳ ಮನೆ ಶುರು ಮಾಡಿದ್ದು, ಶ್ರೀಮಂತರ ಮಕ್ಕಳಿಗಲ್ಲ. ಆಯಮ್ಮ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದು, ಯುದ್ಧ ಶುರುವಾದ್ದರಿಂದ ವರ್ಷಗಟ್ಟಲೆ ಇಲ್ಲೇ ಇದ್ದು ನಮ್ಮ ದೇಶದ ಟೀಚರ್‌ಗಳಿಗೆ ಟ್ರೈನಿಂಗ್ ಕೊಟ್ರು. ಈಗ ಅದು ದುಬಾರಿ ಸ್ಕೂಲಿನ ಹೆಸರಾಗಿರೋದು ನಂಗೆ ನಿಜವಾಗ್ಲೂ ಬೇಜಾರು.

ಒಂದನೇ ಕ್ಲಾಸಿನ ಟೆಸ್ಟ್ ಬಗ್ಗೆ ಕೇಳಿದ್ರಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 13ನೇ ಸೆಕ್ಷನ್ ಓದಿ, ಸೇರಿಸ್ಕೊಳ್ಳೋವಾಗ ಮಗೂನೋ ಅಪ್ಪ ಅಮ್ಮನ್ನೋ ಪರೀಕ್ಷೆ ಮಾಡೋ ಹಾಗೇ ಇಲ್ಲ, ಮಾಡಿದ್ರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದ್ರೆ ಒಂದೊಂದು ಸಲಕ್ಕೂ 50,000ದವರೆಗೆ. ಶಾಲೆ ಮಾಡೋ ತಪ್ಪಿಗೆ ಮಗುವಿನ ಬೆರಳಿಗೆ ಶಿಕ್ಷೆ ಕೊಡೋದು ಬೇಡ ಸರ್.

ಅಂಗನವಾಡಿ ಟೀಚರ್, ಮೂಡಿಗೆರೆ ಕಡೆ

ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರಕ್ಕೆ ಬರೋರು ಹೆಚ್ಚಿನಂಶ ಕಾಫಿ ಎಸ್ಟೇಟ್ ಕೂಲಿಯವರ ಲೈನ್ ಮನೆ ಮಕ್ಕಳು, ಈಗ ಕಾಫಿ ಹಣ್ಣು ಕುಯ್ಲು ಟೈಮು, ಅಪ್ಪ ಅಮ್ಮ ಇಬ್ರೂ ಬೆಳಿಗ್ಗೆನೇ ತೋಟಕ್ಕೆ ಹೋಗ್ತಾರೆ. ಮಾಂಟೆಸ್ಸರಿ ಸಾಮಾನು ನಮ್ಮತ್ರ ಎಲ್ಲಿಂದ ಬರ್ಬೇಕು, ಆದ್ರೆ ನಮ್ಮ ಚಿಲಿಪಿಲಿ ಪುಸ್ತಕದಲ್ಲೂ ಕತೆ, ಹಾಡು, ಮಾಡಿ ನೋಡು ಇವೇ ಇರೋದು, ಬರೆಸೋದಲ್ಲ. ಮನೇಲಿರೋದ್ರಲ್ಲಿ ಏನು ಮಾಡ್ಬೋದು ಅಂತ ಹಾಸನದ ಅಕ್ಕ ಕೇಳಿದಾರೆ, ಅದಕ್ಕೆ ನಾನು ಹೇಳ್ತೀನಿ.

ಮನೇಲಿ ಹಳೇ ಪಾವು, ಅಚ್ಚೇರು, ಸೇರು ಐತಾ ನೋಡಿ ಅಕ್ಕ. ನಮ್ಮಜ್ಜಿ ಕಾಲದ್ದು ನಾನು ಕೇಂದ್ರಕ್ಕೆ ತಂದಿಟ್ಟಿದೀನಿ. ಒಂದು ಅಗಲ ತಟ್ಟೆ ಮೇಲೆ ರಾಗಿ ಇಟ್ಕೊಂಡು ಪಾವಲ್ಲಿ ತುಂಬಿ ಸೇರಿಗೆ ಸುರಿ ಅಂತೀನಿ, ನಾಲ್ಕು ಪಾವಿಗೆ ಸೇರು ತುಂಬುತ್ತೆ, ಎರಡು ಪಾವಿಗೆ ಅಚ್ಚೇರು. ಯಾರಿಗೂ ಅರ್ಧ ಕಾಲು ಅಂತ ಪಾಠ ಮಾಡಿಲ್ಲ, ಒಂದು ಹುಡುಗ ತಾನೇ ಬಂದು "ಟೀಚರ್ ಇದು ಎರಡು ಸಲ ಹಾಕಿದ್ರೆ ಅದು" ಅಂತ ಅಚ್ಚೇರು ಸೇರು ತೋರಿಸ್ದ. ಚೆಲ್ಲಿದ್ರೆ ಬೈಬೇಡಿ, ಚಿಕ್ಕ ಪೊರಕೆ ಕೊಡಿ, ಗುಡಿಸಿ ಮೊರಕ್ಕೆ ತುಂಬೋದೂ ಕೈಗೆ ಕೆಲಸಾನೇ. ಅಳಗುಳಿ ಮಣೆ ಇದ್ರೆ ಇನ್ನೂ ಒಳ್ಳೇದು, 14 ಗುಳಿ, ಒಂದೊಂದಕ್ಕೂ ಒಂದೊಂದೇ ಬೀಜ ಬಿಡ್ತಾ ಹೋಗ್ಬೇಕು, ಒಂದು ಬೀಜಕ್ಕೆ ಒಂದು ಗುಳಿ ಅನ್ನೋದು ಅಲ್ಲೇ ಕೂರುತ್ತೆ. ಮಣೆ ಇಲ್ದಿದ್ರೆ ಅಂಗಳದಲ್ಲಿ ಗುಳಿ ತೋಡಿ ಸಾಕು.

ಒಂದು ಮಾತ್ರ ಕೈ ಮುಗಿದು ಕೇಳ್ಕೋತೀನಿ. ಎಣಿಸೋಕೆ ಚೆನ್ನಾಗಿದೆ ಅಂತ ಗುಲಗಂಜಿ ಕೊಡಬೇಡಿ, ನಮ್ಮ ಮಲೆನಾಡಲ್ಲಿ ಬೇಲಿ ಬೇಲಿಲಿ ಸಿಗುತ್ತೆ, ಕೆಂಪು ಕಪ್ಪು ನೋಡೋಕೆ ಚೆಂದ, ಆದ್ರೆ ಜಗಿದ್ರೆ ಪ್ರಾಣಕ್ಕೇ ಕುತ್ತು. ಹರಳು ಬೀಜನೂ ವಿಷ. ಮನೇಲಿ ಮೂರು ವರ್ಷಕ್ಕಿಂತ ಚಿಕ್ಕ ಮಗು ಇದ್ರೆ ಕಡಲೆ, ಮಣಿ, ಬಟಾಣಿ ಥರ ಸಣ್ಣದು ಯಾವ್ದೂ ನೆಲದ ಮೇಲೆ ಬಿಡ್ಬೇಡಿ, ಮೂಗಿಗೆ ಹಾಕ್ಕೊಳ್ತವೆ, ಗಂಟಲಿಗೆ ಸಿಕ್ಕೊಳ್ಳುತ್ತೆ. ದೊಡ್ಡೋರು ಒಬ್ರು ಪಕ್ಕದಲ್ಲೇ ಕೂತಿರ್ಬೇಕು. ಕೂತು ಮಾತಾಡ್ತಾನೂ ಇರ್ಬೇಕು, ಇದು ಭಾರ ಅದು ಹಗುರ, ಇದು ಒರಟು ಅದು ನುಣುಪು, ಇನ್ನೆಷ್ಟು ಬೇಕು, ಹೀಗೆ. ಮಾತಿಲ್ದೆ ಬರೀ ಸಾಮಾನು ಕೊಟ್ಟು ಎದ್ದು ಹೋದ್ರೆ ಮಗೂಗೆ ಮಾಡಿದ್ದಕ್ಕೆ ಹೆಸರು ಸಿಗಲ್ಲ.

ಆಲ್ದೂರು ತಾತ

ನಮ್ಮ ಕಾಫಿ ಕಣದಲ್ಲಿ ಮೊಮ್ಮಗ ಮಾಡೋದು ಹೇಳ್ತೀನಿ. ಬಕೆಟ್ ನೀರಿಗೆ ಹಣ್ಣು ಸುರಿದ್ರೆ ಜಳ್ಳು ತೇಲುತ್ತೆ ಗಟ್ಟಿ ಮುಳುಗುತ್ತೆ, ತೇಲಿದ್ದನ್ನ ಅವನು ಜಾಲರಿ ಸೌಟಲ್ಲಿ ತೆಗೆದು ಬೇರೆ ಬುಟ್ಟಿಗೆ ಹಾಕ್ತಾನೆ, ಆಮೇಲೆ ಕಾಯಿ, ದೋರೆ, ಹಣ್ಣು ಬೇರೆ ಬೇರೆ ಮಾಡ್ತಾನೆ. ಒಂದು ಹಣ್ಣು ಹಿಸುಕಿ ನೋಡಿ ಒಳಗೆ ಎರಡು ಬೀಜ ಇರೋದು ಕಂಡು, ಹತ್ತು ಹಣ್ಣಿಗೆ ಎಷ್ಟು ಬೀಜ ಅಂತ ತಾನೇ ಹಿಸುಕಿ ಜೋಡಿಸಿದ, ಒಂದರಲ್ಲಿ ಒಂಟಿ ಬೀಜ ಸಿಕ್ಕಿ ಲೆಕ್ಕ ತಪ್ಪಿತು, ಯಾಕೆ ಅಂತ ಕೇಳ್ದ, ಅದು ಪೀಬೆರಿ ಅಂತ ಹೇಳ್ಕೊಟ್ಟೆ. ಔಷಧಿ ಹೊಡೆದ ಬ್ಲಾಕಿನ ಹಣ್ಣು ಮಾತ್ರ ಮಕ್ಕಳ ಕೈಗೆ ಕೊಡಬಾರದು, ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಸ್ಬೇಕು. ಅಮ್ಮಾ, ನಿಮ್ಮ ಮಾವನವರನ್ನ ಬೈಬೇಡಿ, ನಮ್ಮ ತಲೆಮಾರಿನೋರಿಗೆ ಸ್ಲೇಟು ಬಳಪ ಇದ್ರೇನೇ ಓದು. ಅವರನ್ನೇ ಮಗು ಪಕ್ಕ ಕೂರಿಸಿ, ಒಂದು ವಾರ ನೋಡಿದ್ರೆ ಅವರೇ ಬೇಕಾದ ಸಾಮಾನು ಹುಡುಕಿ ತಂದುಕೊಡ್ತಾರೆ.

ಚಿಕ್ಕಮಗಳೂರು ಅಪ್ಪ

13ನೇ ಸೆಕ್ಷನ್ ವಿಷಯ ನಂಗೆ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಮೇಡಂ. ಆದ್ರೂ ಒಂದು ಅನುಮಾನ ಉಳೀತು. ಕಾಯ್ದೆ ಇರ್ಬೋದು, ಡಿಕ್ಟೇಶನ್ ಅಂತೂ ಇರುತ್ತಲ್ಲ. ಪೆನ್ಸಿಲ್ ಕೊಡೋದು ಯಾವಾಗ ಹಾಗಾದ್ರೆ?

ನಲಿಕಲಿ ಮೇಷ್ಟ್ರು, ಬೇಲೂರು

ಸರ್, ಪೆನ್ಸಿಲ್ ಬಚ್ಚಿಡಿ ಅಂತ ಯಾರೂ ಹೇಳ್ತಿಲ್ಲ. ಮಗು ತಾನಾಗಿ ಗೀಚಿದ್ರೆ ಗೀಚಲಿ, ಚಿತ್ರ ಬರೀಲಿ, ತನ್ನ ಹೆಸರು ಬರೀಬೇಕು ಅಂತ ಕೇಳಿದ್ರೆ ತೋರಿಸ್ಕೊಡಿ. ಬೇಡ ಅಂತಿರೋದು ಸಾಲು ಸಾಲು ತಿದ್ದಿಸೋದನ್ನ. ದಪ್ಪ ಕ್ರೆಯಾನ್, ಸೀಮೆಸುಣ್ಣದ ಚಿಕ್ಕ ತುಂಡು ಕೊಡಿ, ಚಿಕ್ಕ ತುಂಡನ್ನ ಮುಷ್ಟಿಲಿ ಹಿಡಿಯೋಕೇ ಆಗಲ್ಲ, ಬೆರಳ ತುದೀಲೇ ಹಿಡಿಯಬೇಕು. ಗೋಡೆಗೆ ಕಪ್ಪು ಹಲಗೆ ಮಗುವಿನ ಎತ್ತರಕ್ಕೆ ಹಾಕಿ ನಿಂತು ಬರೆಯೋ ಹಾಗೆ ಮಾಡಿ, ಮಣಿಕಟ್ಟು ತಾನೇ ಸರಿಯಾದ ಬಾಗಿಗೆ ಬರುತ್ತೆ. ಕೈ ಹದವಾದ ಮಗು ಐದೂವರೆ ಆರು ವರ್ಷಕ್ಕೆ ಬರವಣಿಗೆನ ಬೇಗ ಹಿಡ್ಕೊಳ್ಳೋದನ್ನ ನಾನು ತರಗತಿಲಿ ನೋಡ್ತಾನೇ ಇರ್ತೀನಿ. ಮೂರು ವರ್ಷದಿಂದ ತಿದ್ದಿ ತಿದ್ದಿ ಬಂದ ಮಕ್ಕಳಲ್ಲಿ ಎಷ್ಟೋ ಜನ ಅಕ್ಷರ ಅಚ್ಚುಕಟ್ಟಾಗಿ ಬರೀತಾರೆ, ಬರೆದಿದ್ದು ಏನು ಅಂತ ಕೇಳಿದ್ರೆ ಹೇಳೋಕೆ ಬರಲ್ಲ. ಐದು ದಾಟಿದ ಮೇಲೂ ಬರೀ ಮುಷ್ಟಿಲೇ ಹಿಡೀತಿದ್ರೆ, ಗುಂಡಿ ಹಾಕೋಕೆ ತುತ್ತು ಕಲಸೋಕೂ ಕಷ್ಟ ಆಗ್ತಿದ್ರೆ, ಒಂದ್ಸಲ ಮಕ್ಕಳ ಡಾಕ್ಟರಿಗೆ ತೋರಿಸಿ.

ಹಾಸನದಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಬೀಜದ ಸಾಲಿನ ಪರೀಕ್ಷೆ ಮಾಡಿದೆ ಮೇಷ್ಟ್ರೇ, ನೀವು ಹೇಳಿದ ಹಾಗೇ ಉದ್ದದ ಸಾಲಲ್ಲೇ ಜಾಸ್ತಿ ಅಂದ್ಲು, ಅದನ್ನ ನೋಡಿ ನಮ್ಮ ಮಾವ ಪಕ್ಕ ಬಂದು ಕೂತ್ರು, ತಾವೇ ಇನ್ನೊಂದ್ಸಲ ಇಟ್ಟು ಕೇಳಿದ್ರು. ಅಟ್ಟದಲ್ಲಿ ಪಾವು ಸೇರು ಎರಡೂ ಇದೆಯಂತೆ, ಅತ್ತೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದಾರೆ. ಈಗ ಸ್ಕೂಲಲ್ಲಿ ಹೇಗೆ ಮಾತಾಡ್ಲಿ? ಮಿಸ್ ಒಳ್ಳೆಯೋರು, ಜಗಳ ಆಗೋದು ಬೇಡ. ಮತ್ತೆ ಸ್ಯಾಂಡ್‌ಪೇಪರ್ ಅಕ್ಷರ ಮನೇಲೇ ಮಾಡ್ಬೋದಾ?

ಮಾಂಟೆಸ್ಸರಿ ಆಂಟಿ, ಹಾಸನ

ಜಗಳ ಖಂಡಿತ ಬೇಡಮ್ಮ, ಎಷ್ಟೋ ಸಲ ಆ ಮಿಸ್‌ಗೂ ಇಷ್ಟ ಇರಲ್ಲ, ನೋಟ್‌ಬುಕ್ ತುಂಬದಿದ್ರೆ ಬೇರೆ ಪೇರೆಂಟ್ಸ್ ಬಂದು ಕೇಳ್ತಾರೆ ಅಂತ ಬರೆಸ್ತಾರೆ. 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅಂತ ತಂದಿದೆ, 3ರಿಂದ 8 ವರ್ಷದ ಮಕ್ಕಳಿಗೆ, ಅದರಲ್ಲಿ 3ರಿಂದ 6 ವರ್ಷದವರಿಗೆ ಪಠ್ಯಪುಸ್ತಕನೇ ಬೇಡ, ಆಟ, ಆಟಿಕೆ, ಕೈಗೆ ಸಿಗೋ ವಸ್ತುಗಳಿಂದ ಕಲಿಸಿ ಅಂತ ಇದೆ. ಅದನ್ನ ತಗೊಂಡು ಹೋಗಿ ಮುಖಕ್ಕೆ ಹಿಡೀಬೇಡಿ. ಮಗಳಿಗೆ ಕೈ ನೋಯುತ್ತೆ, ಬರೆಯೋದು ಒಂದೇ ಸಾಲು ಮಾಡಿ, ಮಿಕ್ಕ ಹೊತ್ತಲ್ಲಿ ಮನೇಲಿ ನಾನು ಇಂಥಿಂಥ ಕೆಲಸ ಮಾಡಿಸ್ತೀನಿ, ವಾರಕ್ಕೊಂದ್ಸಲ ಏನು ಮಾಡಿದ್ಲು ಅಂತ ಹೇಳ್ತೀನಿ ಅಂತ ಕೇಳಿ. ಇನ್ನೂ ಒಂದಿಬ್ರು ತಾಯಂದಿರನ್ನ ಜೊತೆಗೆ ಕರ್ಕೊಂಡು ಹೋದ್ರೆ ಮಿಸ್‌ಗೂ ಧೈರ್ಯ ಬರುತ್ತೆ.

ಅಕ್ಷರ ಮನೇಲೇ ಆರಾಮಾಗಿ ಮಾಡ್ಬೋದು. ಹಾರ್ಡ್‌ವೇರ್ ಅಂಗಡಿಲಿ ನಯವಾದ ಸ್ಯಾಂಡ್‌ಪೇಪರ್ ಕೇಳಿ, ತೀರಾ ಒರಟಾದ್ರೆ ಬೆರಳು ತರಚುತ್ತೆ, ನಿಮ್ಮ ಬೆರಳನ್ನೇ ಮೊದಲು ಸವರಿ ನೋಡಿ ತಗೊಳ್ಳಿ. ಅಂಗೈಯಷ್ಟು ದೊಡ್ಡದಾಗಿ ಅಕ್ಷರ ಹಿಂಬದಿಲಿ ಉಲ್ಟಾ ಬರೆದು ಕತ್ತರಿಸಿ, ಹಳೇ ರಟ್ಟಿನ ಮೇಲೆ ಫೆವಿಕಾಲಲ್ಲಿ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಮೇಷ್ಟ್ರು ಹೇಳಿದ ಹಾಗೆ ರ ಗ ಸ ಮೂರು ಮೊದಲು ಮಾಡಿ, ಒಂದೇ ದಿನ ಎಲ್ಲಾ ಮಾಡೋಕೆ ಹೋಗ್ಬೇಡಿ. ಎರಡು ಅಕ್ಷರ ಮುಂದಿಟ್ಟು "ಇದು ರ, ಇದು ಗ" ಅಂತ ನೀವು ಸವರಿ ತೋರಿಸಿ, ಆಮೇಲೆ "ಗ ಎಲ್ಲಿದೆ ಕೊಡು" ಅನ್ನಿ, ಅದು ಸಲೀಸಾಗಿ ಬಂದ ಮೇಲೆ ಮಾತ್ರ "ಇದೇನು" ಅಂತ ಕೇಳಿ. ತಪ್ಪು ಹೇಳಿದ್ರೆ ತಿದ್ದಬೇಡಿ, ನಗುನಗ್ತಾ ಎತ್ತಿಟ್ಟು ಇನ್ನೊಂದಿನ ಮೊದಲಿಂದ ತೋರಿಸಿ. ಕತ್ತರಿಸಿ ಉಳಿದ ಸ್ಯಾಂಡ್‌ಪೇಪರ್ ತುಂಡು ಬಿಸಾಡಬೇಡಿ, ರೇಷ್ಮೆ ಬಟ್ಟೆ, ಗೋಣಿಚೀಲದ ತುಂಡು ಜೊತೆ ಸೇರಿಸಿ ಕಣ್ಣು ಮುಚ್ಚಿ ಮುಟ್ಟಿ ಹೇಳೋ ಆಟಕ್ಕೆ ಆಗುತ್ತೆ.